ರತ್ನಾಬಾಯಿ ಹೇಳಿದ ಧಾರಾವಾಹಿ

ನಮ್ಮ ರತ್ನಾಬಾಯಿ ಅತ್ತೆ ಹೇಳುವ ಕತೆಯಲ್ಲಿ ಅರ್ಧ ಅವಳದೇ ಸೇರಿಕೆ ಎನ್ನುವುದು ಬನಹಟ್ಟಿಯ ಅವಳ ಓಣಿಗೆಲ್ಲ ಗೊತ್ತು. ಗೊತ್ತಿದ್ದೂ ಕೇಳಲು ಬರುತ್ತಾರೆ. ಅವಳ ಬಗ್ಗೆ ಬರೆಯಲು ಕೂತಿರುವ ನಾನು ಶೀತಲ, ಅವಳ ಗಂಡ ಧರೆಪ್ಪನ ತಂಗಿಯ ಮಗಳು. ಮುಧೋಳದಲ್ಲಿ ಮನೆ, ರನ್ನ ಬೆಳಗಲಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಕೆಲಸ. ತಪ್ಪು ಕಂಡಲ್ಲಿ ಕೆಂಪು ಗೆರೆ ಎಳೆಯುವುದು ನನ್ನ ಕಸುಬು, ಸ್ವಭಾವವೂ ಅದೇ. ಹೋದ ವರ್ಷ ದೀಪಾವಳಿ ರಜೆಯಲ್ಲಿ ಆ ಸ್ವಭಾವ ತಡೆದುಕೊಳ್ಳಲಾಗದೆ ನಾನು ಬಾಯಿ ಬಿಟ್ಟೆ, ಅದರಿಂದ ಮಾವನ ಉಳಿದ ಒಂದು ಕಣ್ಣೂ ಹೋಗುವುದರಲ್ಲಿತ್ತು. ಅತ್ತೆಯ ಮೇಲೆ ನನಗೆ ಸಿಟ್ಟಿದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚಿದೆ.

ಧರೆಪ್ಪ ಮಾವ ಜಾಬರ್. ವಿದ್ಯುತ್ ಮಗ್ಗ ಕೆಟ್ಟರೆ ಸರಿಪಡಿಸುವವನನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ. ಮೂವತ್ತು ಮಗ್ಗ ಒಟ್ಟಿಗೆ ಬಡಿದುಕೊಳ್ಳುತ್ತಿರುವ ಶೆಡ್ಡಿನ ಬಾಗಿಲಲ್ಲಿ ನಿಂತು, "ಒಳಗಿಂದ ನಾಕನೇದ್ದರ ಲಾಳಿ ಸರಿ ಇಲ್ಲ" ಎಂದು ಹೇಳುವಂಥ ಕಿವಿ ಅವನದು. ಕಣ್ಣು ಮಾತ್ರ ಕೈಕೊಟ್ಟಿತು. ಒಳಗಿನ ಒತ್ತಡ ಏರಿ ಎಡಗಣ್ಣು ಎರಡು ವರ್ಷದಲ್ಲಿ ಪೂರ್ತಿ ಹೋಯಿತು. ಬಲಗಣ್ಣಿನಲ್ಲಿ ಉಳಿದದ್ದು ಇಷ್ಟು: ಹಗಲಲ್ಲಿ ಕಿಟಕಿ ಯಾವ ಕಡೆ ಇದೆ, ಬಾಗಿಲಲ್ಲಿ ಮನುಷ್ಯರು ನಿಂತಿದ್ದಾರೋ ಇಲ್ಲವೋ. ಬಣ್ಣ ತಿಳಿಯುತ್ತಿರಲಿಲ್ಲ, ಮುಖವೂ ತಿಳಿಯುತ್ತಿರಲಿಲ್ಲ.

ಜಮಖಂಡಿಯ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಅತ್ತೆಯನ್ನು ಹೊರಗೆ ಕರೆದು ಬಿಡಿಸಿ ಹೇಳಿದ್ದರು. ಹೋದ ನೋಟ ಮರಳುವುದಿಲ್ಲ. ಆಪರೇಷನ್ ಮಾಡುವುದು ಉಳಿದಷ್ಟನ್ನು ಉಳಿಸಿಕೊಳ್ಳಲು. ಈ ತಿಂಗಳೊಳಗೆ ಮಾಡದಿದ್ದರೆ ಅದೂ ಹೋಗುತ್ತದೆ. ಅದನ್ನೇ ಇಂಗ್ಲಿಷಿನಲ್ಲಿ ಎರಡು ಹಾಳೆ ಬರೆದೂ ಕೊಟ್ಟಿದ್ದರು. ಒಳಗೆ ಕಣ್ಣಿಗೆ ಹನಿ ಹಾಕಿಸಿಕೊಂಡು ಕೂತಿದ್ದ ಮಾವ, "ಏನಂದ್ರ?" ಎಂದು ಕೇಳಿದ. ಅವನ ತಾಯಿ ಮುದಕವ್ವ ಹಿಂದೊಮ್ಮೆ ಕಣ್ಣು ಕೊಯ್ಯಿಸಿಕೊಂಡು, ಇದ್ದ ನೋಟವನ್ನೂ ಕಳೆದುಕೊಂಡು ಸತ್ತವಳು. ಮತ್ತೆ ಕಾಣುವುದಿಲ್ಲ ಎಂದರೆ ಇವನು ಆಪರೇಷನ್ ಮೇಜು ಹತ್ತುವವನಲ್ಲ ಎಂದು ಅತ್ತೆಗೆ ಗೊತ್ತಿತ್ತು.

"ಮೊದಲಿನಂಗ ಕಾಣ್ತದಂತ್ರಿ. ಸೂಜಿಗೆ ದಾರಾ ಪೋಣಸ್ತೀರಂತ," ಎಂದುಬಿಟ್ಟಳು.

ಮಾವ ಒಪ್ಪಿದ. ಬುಧವಾರ ಆಪರೇಷನ್ ಎಂದು ನಿಗದಿಯಾಯಿತು. ಜೊತೆಗಿರಲೆಂದು ನಾನು ಶನಿವಾರವೇ ಬನಹಟ್ಟಿಗೆ ಬಂದೆ. ಹಿತ್ತಲಲ್ಲಿ ಬಟ್ಟೆ ಹಿಂಡುತ್ತ ಅತ್ತೆ ನನಗೆ ಇದನ್ನೆಲ್ಲ ಹೇಳಿದಾಗ ನನಗೆ ರೇಗಿತು.

"ಪಟ್ಟಿ ಬಿಚ್ಚಿದ ಮ್ಯಾಲ ಏನ ಹೇಳ್ತಿ ಅತ್ತಿ?"

"ಮೊದಲ ಕೊಯ್ಸ್ಕೊಳ್ಳಿ ಬೇ. ಕಣ್ಣ ಉಳೀಲಿ. ಆಮ್ಯಾಲ ಬೇಕಾದ್ರ ನನ್ನ ಮನಿ ಬಿಟ್ಟ ಹೊರಗ ಹಾಕಲಿ."

ಹೀಗೆ ಹೇಳುವುದು ಅವಳಿಗೆ ಹೊಸದಲ್ಲ. ಅವಳ ತವರು ಬೀಳಗಿ ತಾಲೂಕಿನ ಅನಗವಾಡಿ, ಕೃಷ್ಣೆಯ ದಂಡೆ. ಅವಳಿಗೆ ಹನ್ನೆರಡು ವರ್ಷವಿದ್ದಾಗ ತಾಯಿ ವಿಷಮಜ್ವರದಿಂದ ಮಲಗಿದ್ದಳು, ಅದೇ ಹೊತ್ತಿಗೆ ತಂದೆ ಹಾವು ಕಡಿದು ಸತ್ತ. ಜಡ್ಡಾದವರ ಮುಂದೆ ಸಾವಿನ ಸುದ್ದಿ ಆಡಬಾರದು ಎನ್ನುವುದು ಆ ಕಡೆಯ ಮನೆಗಳ ಕಟ್ಟು. ದೊಡ್ಡವರು ಹೊರಗೆ ಅತ್ತು ಕಣ್ಣೊರೆಸಿಕೊಂಡರು. ತಾಯಿಯ ಹತ್ತಿರ ಕೂರುವ ಕೆಲಸ ಈ ಹುಡುಗಿಗೆ ಬಂತು. ಅಪ್ಪ ಇವತ್ತು ಹೊಳೆ ದಾಟಿ ಹೋಗಿದ್ದಾನೆ, ಅಪ್ಪ ಇವತ್ತು ಎತ್ತು ನೋಡಲು ಹೋಗಿದ್ದಾನೆ, ನೀನು ಮಲಗಿದ್ದಾಗ ಬಂದು ಹಣೆ ಮುಟ್ಟಿ ನೋಡಿ ಹೋದ ಎಂದು ಹದಿನೆಂಟು ದಿನ ಹೇಳಿದಳು. ತಾಯಿಯ ಜ್ವರ ಇಳಿಯಿತು. ಎದ್ದು ಕೂತ ಮೇಲೆ ಖರೆ ಸಂಗತಿ ಹೇಳಿದರು. ಆಕೆ ಅತ್ತಳು, ಆದರೆ ಬದುಕಿದಳು. ಅತ್ತೆ ಅಲ್ಲಿ ಕಲಿತ ಪಾಠದ ಮೇಲೆ ಕೆಂಪು ಗೆರೆ ಎಳೆಯಲು ನನಗೆ ಇವತ್ತಿಗೂ ಕೈ ಬರುವುದಿಲ್ಲ.

ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ಮದುವೆಯಾಗಿ ಬನಹಟ್ಟಿಗೆ ಬಂದವಳು ನಲವತ್ತು ವರ್ಷ ಗೂಳಪ್ಪನ ಮಗ್ಗದ ಶೆಡ್ಡಿನಲ್ಲಿ ಕಂಡಿಕೆ ಸುತ್ತಿದಳು. ಲಾಳಿಯೊಳಗೆ ಕೂರುವ ನೂಲಿನ ಸುರುಳಿಗೆ ಕಂಡಿಕೆ ಎನ್ನುತ್ತಾರೆ. ಮಗ್ಗಗಳ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ಹೆಂಗಸರು ಇಡೀ ದಿನ ಕೈಸನ್ನೆ, ತುಟಿಸನ್ನೆಯಲ್ಲೇ ಇರುತ್ತಾರೆ. ಕರೆಂಟ್ ಹೋದರೆ ಒಮ್ಮೆಲೇ ಎಲ್ಲ ನಿಂತು ಕಿವಿ ಗುಂಯ್ ಎನ್ನುತ್ತದೆ. ಆಗ ಎಲ್ಲರೂ ಅತ್ತೆಯ ಸುತ್ತ ಕೂರುತ್ತಿದ್ದರು. ಹಿಂದಿನ ದಿನ ಟಿವಿಯ ಧಾರಾವಾಹಿಯಲ್ಲಿ ಏನಾಯಿತು ಎಂದು ಅವಳು ಹೇಳಬೇಕು. ಹೇಳುವಾಗ ಕೆಟ್ಟವರಿಗೆ ಒಂದೆರಡು ಏಟು ಹೆಚ್ಚಿಗೆ ಬೀಳುತ್ತಿದ್ದವು, ಬಸುರಿ ಸೊಸೆಗೆ ಟಿವಿಯವರಿಗಿಂತ ಮೊದಲೇ ಹೆರಿಗೆಯಾಗುತ್ತಿತ್ತು. ಪಕ್ಕದ ರಾಟೆಯ ಯಲ್ಲವ್ವ ಒಮ್ಮೆ, "ರತ್ನಾಬಾಯಿ, ಆ ಅತ್ತಿ ಸತ್ಲಂದಿ, ನಿನ್ನೆ ಟಿವಿಯಾಗ ಹೋಳಗಿ ಮಾಡಾಕತ್ತಿದ್ಲಲ್ಲ!" ಎಂದಳಂತೆ. "ನಾಳಿ ಸಾಯತಾಳ ತಡಿ," ಎಂದು ಇವಳು ಕಂಡಿಕೆ ಎತ್ತಿಕೊಂಡಳಂತೆ.

ಮಾವನ ಕಣ್ಣು ಮಂಜಾದ ಮೇಲೆ ಶೆಡ್ಡು ಬಿಟ್ಟು ಮನೆಯಲ್ಲಿ ಅವನ ಪಕ್ಕ ಕೂತಳು. ಇಬ್ಬರ ಮಧ್ಯಾಹ್ನವೂ ಟಿವಿಯ ಮುಂದೆ ಕಳೆಯುತ್ತಿತ್ತು. ಆ ದಿನಗಳಲ್ಲಿ ಎರಡು ಗಂಟೆಗೆ ಬರುತ್ತಿದ್ದದ್ದು ಒಂದು ಹ್ಯಾಕರ್ ಧಾರಾವಾಹಿ, ಹಿಂದಿಯದನ್ನು ಕನ್ನಡಕ್ಕೆ ಮಾಡಿದ್ದು. ಕಬೀರ್ ಎಂಬ ಹುಡುಗ ಕೂತಲ್ಲಿಂದಲೇ ಬೇರೆಯವರ ಕಂಪ್ಯೂಟರಿನೊಳಗೆ ನುಗ್ಗಿ ದೊಡ್ಡ ದೊಡ್ಡವರ ಗುಟ್ಟು ಹೊರಗೆ ಹಾಕುತ್ತಾನೆ. ನಡುನಡುವೆ ನಮ್ಮ ಕಡೆ ತಿರುಗಿ, "ನಿಮ್ಮಿಂದ ನಾನು ಏನನ್ನೂ ಮುಚ್ಚಿಟ್ಟಿಲ್ಲ" ಎನ್ನುತ್ತಾನೆ. ಮಾವನಿಗೆ ಅವನೆಂದರೆ ಬಲು ಪ್ರೀತಿ. "ಇವನೂ ಜಾಬರ್‌ನ ನೋಡ. ಒಳಗ ಏನ ಕೆಟ್ಟೈತಿ ಅಂತ ಹೊರಗಿಂದನ ತಿಳೀತದ ಇವಂಗ," ಎನ್ನುತ್ತಿದ್ದ.

ಆದರೆ ಆ ಧಾರಾವಾಹಿಯಲ್ಲಿ ಮಾತಿಗಿಂತ ಟೈಪ್ ಮಾಡುವುದೇ ಹೆಚ್ಚು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಸಾಲುಸಾಲಾಗಿ ಬರುತ್ತವೆ, ಎಲ್ಲ ಇಂಗ್ಲಿಷ್. ಆಸ್ಪತ್ರೆಯಲ್ಲಿರುವ ಕಬೀರನ ತಾಯಿಯ ಸಂದೇಶಗಳೂ ಹಾಗೆಯೇ ಬರುತ್ತವೆ. ಮಾವ, "ಈಗೇನ ಬರದಾರ?" ಎಂದು ಕೇಳುತ್ತಾನೆ. ಅತ್ತೆಗೆ ಇಂಗ್ಲಿಷಿನ ಒಂದಕ್ಷರ ಬಾರದು. ಬಾರದು ಎಂದು ಅವಳು ಒಮ್ಮೆಯೂ ಹೇಳಲಿಲ್ಲ.

"ಅವ್ವಂದು ಬಂದೈತ್ರಿ. ‘ಕಬೀರಾ, ರೊಟ್ಟಿ ತಿಂದೇನಪಾ? ನಂದ ಚಿಂತಿ ಮಾಡಬ್ಯಾಡ, ಇವತ್ತ ಎರಡ ಹೆಜ್ಜಿ ನಡದೇನಿ’ ಅಂತ."

ಎರಡು ತಿಂಗಳು ಹೀಗೆ ನಡೆಯಿತು. ಕಬೀರ್ ಬೆಂಗಳೂರಿನ ಕನ್ನಡ ಆಡುತ್ತಿದ್ದ, ಅವನ ತಾಯಿ ಅಪ್ಪಟ ಬನಹಟ್ಟಿಯ ಕನ್ನಡದಲ್ಲಿ ಬರೆಯುತ್ತಿದ್ದಳು. ಇದು ಹೇಗೆ ಎಂದು ಮಾವನಿಗೆ ಯಾವತ್ತೂ ಅನಿಸಲಿಲ್ಲ. ಮುದುಕಿ ಗುಣವಾಗುತ್ತ ಬಂದಂತೆ ಅವನೂ ಗೆಲುವಾಗುತ್ತಿದ್ದ. ಅತ್ತೆ ಅವಳನ್ನು ಹಾಸಿಗೆಯಿಂದ ಎಬ್ಬಿಸಿ ಕೂರಿಸಿದಳು, ನಡೆಸಿದಳು, ಆ ವಾರ ಗಂಜಿ ಬಿಡಿಸಿ ಅನ್ನವನ್ನೂ ಉಣಿಸಿದ್ದಳು.

ಭಾನುವಾರ ಮಧ್ಯಾಹ್ನ ನಾನೂ ಅವರ ಜೊತೆ ಕೂತೆ. ಅಂದಿನ ಕಂತಿನಲ್ಲಿ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು, ಹಿಂದಿಯದನ್ನು ಫೋನಿನಲ್ಲಿ ಆಗಲೇ ನೋಡಿ ಮುಗಿಸಿದ್ದೆ. ಗೊತ್ತಿದ್ದವರ ಹೊಟ್ಟೆಯಲ್ಲಿ ಒಂದು ಕೆಟ್ಟ ಖುಷಿ ಇರುತ್ತದೆ. ಅದನ್ನು ಅದುಮಿಟ್ಟುಕೊಂಡು ಶೇಂಗಾ ಸುಲಿಯುತ್ತ ಕೂತಿದ್ದೆ.

ಪೊಲೀಸ್ ಅಧಿಕಾರಿಣಿ ಕಬೀರನ ಎದುರು ಕೂತು ಹೇಳಿದಳು: "ನಿನ್ನ ತಾಯಿ ತೀರಿಕೊಂಡು ಮೂರು ವರ್ಷವಾಯಿತು. ಆ ಸಂದೇಶಗಳನ್ನೆಲ್ಲ ನೀನೇ ಬರೆದು ನೀನೇ ಓದಿದ್ದೀಯ." ಕಬೀರ್ ನಿಧಾನವಾಗಿ ನಮ್ಮ ಕಡೆ ತಿರುಗಿದ. "ಇದೊಂದನ್ನು ನಿಮಗೆ ಹೇಳಿರಲಿಲ್ಲ," ಎಂದ.

ಮಾವ ನೆಟ್ಟಗೆ ಕೂತ. "ಏನಂದ್ಲ ಅಕಿ? ಮುದುಕಿ ಸತ್ತಾಳಂದ್ಲಾ?"

"ಸುಳ್ಳ ಹೇಳಾಕತ್ತಾಳ್ರಿ," ಎಂದಳು ಅತ್ತೆ, ತಡವರಿಸದೆ. "ಬಾಯಿ ಬಿಡಸಾಕ ಪೊಲೀಸ್ರು ಹಂಗ ಅಂತಾರ. ಇಲ್ಲೇ ತೋರಸಾಕತ್ತಾರ ನೋಡ್ರಿ, ಮುದುಕಿ ಹಾಸಿಗಿ ಮ್ಯಾಲ ಕುಂತ ಚಾ ಕುಡ್ಯಾಕತ್ತಾಳ."

ಪರದೆಯ ಮೇಲೆ ಇದ್ದದ್ದು ಖಾಲಿ ಹಾಸಿಗೆ, ಗೋಡೆಯಲ್ಲಿ ಹಾರ ಹಾಕಿದ ಫೋಟೋ.

ಅಲ್ಲಿ ನಾನು ಸುಮ್ಮನಿರಬೇಕಿತ್ತು. ಮೂರೇ ದಿನ ಸುಮ್ಮನಿದ್ದರೆ ಸಾಕಿತ್ತು. "ಎಲ್ಲಿ ಅತ್ತಿ? ಹಾಸಿಗಿ ಖಾಲಿ ಐತಿ," ಎಂದೆ. ಬಾಯಿ ಅಲ್ಲಿಗೂ ನಿಲ್ಲಲಿಲ್ಲ. ಪರದೆಯ ಸಾಲನ್ನು ತರಗತಿಯಲ್ಲಿ ಓದುವಂತೆ ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಹೇಳಿದೆ. "‘ಅಮ್ಮಾ, ಇವತ್ತೂ ನಿನ್ನ ಉತ್ತರ ನಾನೇ ಬರೆದೆ.’ ಹಿಂಗ ಐತಿ ಮಾವಾ ಅಲ್ಲಿ."

"ಹಂಗಾದ್ರ ರೊಟ್ಟಿ ತಿಂದೇನಪಾ ಅಂತ ಬರದದ್ದು?"

"ಹಂಗ ಯಾವಾಗೂ ಬಂದಿಲ್ಲ. ಅದು ನಮ್ಮ ಅತ್ತಿ ಹಚ್ಚಿದ್ದು."

"ಎರಡ ಹೆಜ್ಜಿ ನಡದದ್ದು?"

"ಅದೂ."

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. "ಎಲಾ ಇವಳ! ಟಿವಿಯವನೂ ಸುಳ್ಳ, ಇಕಿನೂ ಸುಳ್ಳ! ಸತ್ತ ಮುದುಕಿಗೆ ಅನ್ನಾ ಉಣಿಸಿದ್ಲಲ್ಲ!" ನಗುತ್ತ ನಗುತ್ತ ಅವನು ಸುಮ್ಮನಾದ. ಅತ್ತೆ ಮೊದಲಿನಿಂದಲೂ ನಕ್ಕಿರಲಿಲ್ಲ. ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನನಗಿಂತ ಮೊದಲೇ ಅವಳಿಗೆ ತಿಳಿದಿತ್ತು.

"ರತ್ನಾ, ದವಾಖಾನಿ ಹಾಳಿ ತಾ."

"ಈಗ ಯಾಕ್ರಿ?"

"ತಾ ಅಂದೆ. ಅದೂ ಇಂಗ್ಲೀಷದಾಗನ ಐತಿ. ನೀ ಓದೂದ ಬ್ಯಾಡ, ಶೀತಲ ಓದತಾಳ."

ಅವಳು ಟ್ರಂಕಿನಿಂದ ತಂದು ನನ್ನ ಕೈಗಿಟ್ಟಳು. ಇಟ್ಟವಳು ಕೈ ಬಿಡಲಿಲ್ಲ, ನನ್ನ ಬೆರಳುಗಳನ್ನು ಗಟ್ಟಿಯಾಗಿ ಹಿಡಿದಳು. ಶೆಡ್ಡಿನಲ್ಲಿ ಮಾಡುವಂತೆ ತುಟಿ ಮಾತ್ರ ಆಡಿಸಿದಳು: ಬುಧವಾರ, ಬುಧವಾರ.

ಇದ್ದದ್ದನ್ನು ಇದ್ದಂತೆ ಓದಿದೆ ಎಂದು ಇಲ್ಲಿ ಬರೆಯಲು ನನಗೆ ಬಹಳ ಆಸೆ. ಆದರೆ ನಾನು ಹಾಗೆ ಮಾಡಲಿಲ್ಲ. "ನೋಟ ಮರಳುವ ಸಂಭವ ಹೆಚ್ಚಾಗಿದೆ. ಆಪರೇಷನ್ ನಂತರ ರೋಗಿ ಮೊದಲಿನಂತೆ ಕೆಲಸ ಮಾಡಬಹುದು," ಎಂದು, ಹಾಳೆಯ ಮೇಲೆ ಇಲ್ಲದ್ದನ್ನು, ಸ್ಪಷ್ಟವಾಗಿ, ನಿಲ್ಲಿಸಿ ನಿಲ್ಲಿಸಿ ಹೇಳಿದೆ. ಹದಿನಾರು ವರ್ಷದ ಮಾಸ್ತರಿಕೆಯಲ್ಲಿ ನಾನು ಅಷ್ಟು ಚೆಂದವಾಗಿ ಏನನ್ನೂ ಓದಿರಲಿಲ್ಲ.

"ಆತು," ಎಂದ ಮಾವ.

ಅಷ್ಟಕ್ಕೇ ಮುಗಿಯಲಿಲ್ಲ. ಅಂದು ಸಂಜೆಯಿಂದ ಅವನು ಅತ್ತೆಯ ಪ್ರತಿ ಮಾತಿಗೂ ನನ್ನನ್ನು ಸಾಕ್ಷಿ ಕೇಳತೊಡಗಿದ. ಹೊರಗೆ ಯಾರು ಹೋದರು ಎಂದು ಕೇಳುತ್ತಿದ್ದ. ಅವಳು ಹೇಳುತ್ತಿದ್ದಳು. "ಹೌದೇನ ಶೀತಲಾ?" ಎನ್ನುತ್ತಿದ್ದ. ಪಲ್ಯ ಬಡಿಸಿ "ಬದನಿಕಾಯಿ" ಎಂದರೂ ಹಾಗೆಯೇ. ಸೋಮವಾರ ಬೆಳಿಗ್ಗೆ ಹನಿ ಔಷಧ ಹಾಕಲು ಅವಳು ಹತ್ತಿರ ಬಂದಾಗ ಮುಖ ತಿರುಗಿಸಿ, "ಬಾಟಲಿ ಮ್ಯಾಲಿನ ಹೆಸರ ಅಕಿ ಓದಲಿ, ಆಮ್ಯಾಲ ಹಾಕ," ಎಂದ. ಎರಡು ವರ್ಷದಿಂದ ದಿನಕ್ಕೆ ಮೂರು ಸಲ ಆ ಹನಿ ಹಾಕಿದ ಕೈ ಅದು. ಅತ್ತೆ ಬಾಟಲಿಯನ್ನು ನನ್ನ ಕಡೆ ಹಿಡಿದಳು, ನಾನು ಓದಿದೆ, ಅವಳು ಹಾಕಿದಳು. ಒಂದು ಹನಿ ಗುರಿ ತಪ್ಪಿ ಕೆನ್ನೆಗೆ ಬಿತ್ತು.

ಮಂಗಳವಾರ ಪೂರ್ತಿ ಅವನು ಮಾತಾಡಲಿಲ್ಲ. ಆಪರೇಷನ್ನಿಗೆ ಬರುತ್ತಾನೋ ಇಲ್ಲವೋ ತಿಳಿಯಲಿಲ್ಲ, ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಅತ್ತೆ ಚೀಲ ತುಂಬಿದಳು, ತೆಗೆದಳು, ಮತ್ತೆ ತುಂಬಿದಳು. ಹಿತ್ತಲಿನಲ್ಲಿ ನನ್ನ ಮೇಲೆ ಹರಿಹಾಯುತ್ತಾಳೆ ಎಂದು ಕಾದಿದ್ದೆ. "ನೀ ಇದ್ದದ್ದ ಹೇಳಿದಿ, ತಪ್ಪ ನಂದೈತಿ," ಎಂದಳು ಅಷ್ಟೇ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಬುಧವಾರ ಬೆಳಿಗ್ಗೆ ಮಾವ ತಾನಾಗಿ ಅಂಗಿ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದ. "ಬಸ್ಸಿನ ಹೊತ್ತಾತು, ಏಳ್ರಿ," ಎಂದ. ಜಮಖಂಡಿಯ ತನಕ ಅತ್ತೆ ಅವನ ತೋಳು ಹಿಡಿದೇ ಕೂತಿದ್ದಳು. ಅವನು ಬಿಡಿಸಿಕೊಳ್ಳಲಿಲ್ಲ, ಒರಗಲೂ ಇಲ್ಲ.

ಆಪರೇಷನ್ ಒಂದು ತಾಸಿನಲ್ಲಿ ಮುಗಿಯಿತು. ಡಾಕ್ಟರು ಹೊರಗೆ ಬಂದು, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಮಾವನನ್ನೂ ಕೂರಿಸಿಕೊಂಡು, ಮೂವರಿಗೂ ಕೇಳುವಂತೆ ಹೇಳಿದರು. "ನಾಳೆ ಬೆಳಿಗ್ಗೆ ಸಿಸ್ಟರ್ ಪಟ್ಟಿ ಬಿಚ್ಚುತ್ತಾರೆ. ನಾನು ನೋಡಲು ಬರುವುದು ಮಧ್ಯಾಹ್ನ. ಪಟ್ಟಿ ಬಿಚ್ಚಿದಾಗ ಮೊದಲಿಗಿಂತ ಕತ್ತಲೆ ಅನಿಸಿದರೆ ಆ ಕ್ಷಣವೇ ಸಿಸ್ಟರ್‌ಗೆ ಹೇಳಬೇಕು, ನನ್ನನ್ನು ಕರೆಸುತ್ತಾರೆ. ಒಳಗೆ ರಕ್ತ ಇಳಿದು ಒತ್ತಡ ಏರಿರಬಹುದು. ಮಧ್ಯಾಹ್ನದವರೆಗೆ ಕಾದರೆ ಉಳಿದ ನೋಟವೂ ಹೋಗುತ್ತದೆ. ತಿಳಿಯಿತಲ್ಲ?"

"ತಿಳೀತ್ರಿ," ಎಂದ ಮಾವ, ಎಲ್ಲರಿಗಿಂತ ಮೊದಲು.

ಗುರುವಾರ ಬೆಳಿಗ್ಗೆ ಎಂಟಕ್ಕೆ ಸಿಸ್ಟರ್ ಶೇವಂತಿ ಬಂದಳು. ವಾರ್ಡಿನಲ್ಲಿ ಆರು ಮಂಚ, ಎಲ್ಲದರ ಮೇಲೂ ಪಟ್ಟಿ ಕಟ್ಟಿದ ಮುಖ. ಮಾವನ ಪಟ್ಟಿ ಬಿಚ್ಚಿ, ಕಣ್ಣು ಒರೆಸಿ, ಹತ್ತಿಯನ್ನು ಬುಟ್ಟಿಗೆ ಹಾಕಿ, ಅತ್ತ ತಿರುಗಿ ಕಾಗದ ಎತ್ತಿಕೊಳ್ಳುತ್ತ ಕೇಳಿದಳು.

"ಹೆಂಗ ಕಾಣ್ತದ್ರಿ ಕಾಕಾ? ಮೊದಲಿಗಿಂತ ಕತ್ತಲ ಏನರೆ ಐತೇನ?"

ಮಾವ ರೆಪ್ಪೆ ಬಡಿದ. ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಲೆ ತಿರುಗಿಸಿದ. ಆಮೇಲೆ ಮುಖದ ತುಂಬ ನಕ್ಕ.

"ಏನ ಕತ್ತಲ ಇಲ್ಲಬೇ. ಎಲ್ಲಾ ಛಲೋ ಕಾಣ್ತದ. ರತ್ನಾ, ಕೆಂಪ ಸೀರಿ ಉಟಗೊಂಡ ಬಂದಿಯಲ್ಲ!"

ಅತ್ತೆ ಉಟ್ಟಿದ್ದು ಹಸಿರು ಸೀರೆ.

ನಾನು ಮಂಚದ ಕಾಲ್ದೆಸೆಯಲ್ಲಿ ನಿಂತಿದ್ದೆ. ಅತ್ತೆ ಬಾಯಿ ತೆರೆದದ್ದು ಕಂಡಿತು. "ಹೌದ್ರಿ, ಕೆಂಪ," ಎಂದಳು. ಇಷ್ಟು ದಿನ ಅವಳು ಕಾದಿದ್ದ ಮಾತನ್ನೇ ಅವನು ಆಡಿದ್ದ. ಅದನ್ನು ಅಲ್ಲ ಎನ್ನುವ ಅಭ್ಯಾಸ ಆ ನಾಲಿಗೆಗೆ ಇರಲಿಲ್ಲ. ಶೇವಂತಿ, "ಛಲೋ ಆತ್ರಿ," ಎಂದು ಏನೋ ಬರೆದುಕೊಂಡು ಪಕ್ಕದ ಮಂಚದ ಕಡೆ ಹೊರಟಳು.

ಕೂಗಿಬಿಡಬೇಕು ಅನಿಸಿತು. ಆದರೆ ಭಾನುವಾರ ಬಾಯಿ ಬಿಟ್ಟು ಆಗಿದ್ದನ್ನು ನೋಡಿದ್ದೆ. ಒಂದು ವೇಳೆ ಅವನಿಗೆ ನಿಜವಾಗಿ ಏನೋ ಕಂಡಿದ್ದರೆ, ಬಣ್ಣ ಮಾತ್ರ ತಪ್ಪಿದ್ದರೆ? ತಪ್ಪು ತೋರಿಸುವುದೊಂದೇ ಗೊತ್ತಿದ್ದ ನಾನು, ತೋರಿಸಲೇಬೇಕಾದ ಹೊತ್ತಿನಲ್ಲಿ ಮಂಚದ ಸರಳು ಹಿಡಿದು ನಿಂತುಬಿಟ್ಟೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಅತ್ತೆ ಅವನ ಮುಖಕ್ಕೆ ಮುಖ ತಂದು ಕಣ್ಣೊಳಗೆ ನೋಡಿದಳು. ಕರಿ ಪಾಪೆಯ ಕೆಳಗೆ ಕೆಂಪಗೆ ಏನೋ ನಿಂತಿತ್ತು. ಬಹಳ ಮೆತ್ತಗೆ, ಮಕ್ಕಳನ್ನು ಕೇಳುವಂತೆ ಕೇಳಿದಳು.

"ಕಿಟಕಿ ಎಲ್ಲೈತ್ರಿ?"

ಹಿಂದಿನ ದಿನ, ಆಪರೇಷನ್ನಿಗೆ ಮೊದಲು, ಅದೇ ಮಂಚದ ಮೇಲೆ ಕೂತು ಮಾವ ತಾನಾಗಿ ಕಿಟಕಿಯ ಕಡೆ ಮುಖ ಮಾಡಿದ್ದ. ಈಗ ಬಿಸಿಲು ನೇರ ಅವನ ಕೆನ್ನೆಯ ಮೇಲೆ ಬಿದ್ದಿತ್ತು. ಅವನು ಕೈ ಎತ್ತಿ ಗೋಡೆಯನ್ನು ತೋರಿಸಿದ.

"ಇಲ್ಲೇ ಐತಲ್ಲ."

ಅತ್ತೆ ಎದ್ದಳು. ಅವಳು ಅಷ್ಟು ದೊಡ್ಡ ದನಿ ತೆಗೆದದ್ದನ್ನು ನಾನು ಎಂದೂ ಕೇಳಿರಲಿಲ್ಲ, ಮಗ್ಗಗಳ ನಡುವೆಯೂ ಕೇಳಿಸುತ್ತಿತ್ತೇನೋ.

"ಸಿಸ್ಟರ್ ಬಾಯಾರ, ಬರೀಬ್ಯಾಡ್ರಿ! ನನ್ನ ಸೀರಿ ಹಸರ ಐತಿ!"

ಆರು ಮಂಚದ ಮಂದಿಯೂ ಇತ್ತ ತಿರುಗಿದರು. ಶೇವಂತಿ ಕಾಗದ ಹಿಡಿದುಕೊಂಡೇ ನಿಂತಳು.

"ರತ್ನಾ, ಸುಮ್ಕಿರ," ಎಂದ ಮಾವ.

"ಇರಂಗಿಲ್ಲ. ಇವರಿಗೆ ಏನೂ ಕಾಣವಲ್ತು, ಸುಳ್ಳ ಹೇಳಾಕತ್ತಾರ. ನಾನೂ ಸುಳ್ಳ ಹೇಳೇನಿ. ಮೊದಲಿನಂಗ ಕಾಣ್ತದಂತ ಡಾಕ್ಟರ್ ಹೇಳಿರಲಿಲ್ರೀ, ಅದು ನಾ ಅಂದದ್ದು. ಟಿವಿಯಾಗಿಂದೂ ನಾ ಅಂದದ್ದು. ನನಗ ಓದಾಕ ಬರಂಗಿಲ್ಲ. ಎಲ್ಲಾ ಸುಳ್ಳ. ಇದೊಂದ ಖರೆ, ಇವರಿಗೆ ಕಿಟಕಿ ಕಾಣವಲ್ತು, ನಿನ್ನೆ ಕಾಣತಿತ್ತು. ಡಾಕ್ಟರ್‌ನ ಕರೀರಿ!"

ಶೇವಂತಿ ಓಡಿದಳು. ಹತ್ತು ನಿಮಿಷದಲ್ಲಿ ಡಾಕ್ಟರು ಬಂದು ದೀಪ ಹಿಡಿದು ನೋಡಿದರು, ಮಾವನನ್ನು ಒಳಗೆ ಒಯ್ದರು. ಬಾಗಿಲು ಮುಚ್ಚಿತು. ಹೊರಗಿನ ಬಾಕಿನ ಮೇಲೆ ನಾವಿಬ್ಬರೂ ಕೂತೆವು. ಅತ್ತೆ ಅಳಲಿಲ್ಲ. ಕೈಬೆರಳು ಮಾತ್ರ ಗಾಳಿಯಲ್ಲಿ ನೂಲು ಸುತ್ತುತ್ತಿದ್ದವು, ಅದು ಅವಳಿಗೆ ಗೊತ್ತೇ ಇರಲಿಲ್ಲ. "ನಾ ಎಷ್ಟ ಹೊತ್ತ ಸುಮ್ಕಿದ್ದೆ ಶೀತಲಾ? ಕೆಂಪ ಅಂದ ಮ್ಯಾಲ ಎಷ್ಟ ಹೊತ್ತ?" ಎಂದು ಮತ್ತೆ ಮತ್ತೆ ಕೇಳಿದಳು. ಒಂದು ನಿಮಿಷವೂ ಇಲ್ಲ ಎಂದೆ. ಅವಳು ನಂಬಲಿಲ್ಲ, ನನ್ನ ಮಾತನ್ನು ಅವಳು ನಂಬಬೇಕಾದ ಕಾರಣವೂ ಇರಲಿಲ್ಲ.

ಒಂದೂವರೆ ತಾಸಿನ ಮೇಲೆ ಡಾಕ್ಟರು ಹೊರಗೆ ಬಂದರು. "ರಕ್ತ ತೆಗೆದಿದ್ದೇವೆ. ಒತ್ತಡ ಇಳಿದಿದೆ. ದೀಪ ಯಾವ ಕಡೆ ಇದೆ ಎಂದು ಈಗ ಸರಿಯಾಗಿ ಹೇಳಿದರು. ಮೊದಲು ಇದ್ದಷ್ಟು ಉಳಿದಿದೆ, ಅದಕ್ಕಿಂತ ಹೆಚ್ಚು ಬರುವುದಿಲ್ಲ. ಆಗಲೇ ಹೇಳಿದ್ದರಿಂದ ಉಳಿಯಿತು," ಎಂದರು. ಅತ್ತೆ ಕೈ ಮುಗಿದಳು. ನಾನು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ.

ಮಾವನನ್ನು ಮಂಚಕ್ಕೆ ತಂದು ಮಲಗಿಸಿದ ಮೇಲೆ ನನಗೆ ತಡೆಯಲಾಗಲಿಲ್ಲ. ಅಳು ಮುಗಿದಿತ್ತು, ಸಿಟ್ಟು ಬಾಕಿ ಇತ್ತು.

"ಡಾಕ್ಟರ್ ನಿನ್ನ ಮುಂದನ ಹೇಳಿದ್ರಲ್ಲ ಮಾವಾ! ಕತ್ತಲಾತು ಅನ್ನಾಕ ಏನಾಗಿತ್ತ ನಿನಗ? ಕೆಂಪ ಸೀರಿ ಅಂತ, ಕೆಂಪ ಸೀರಿ!"

ಅವನು ಹೊಸ ಪಟ್ಟಿಯ ಕೆಳಗೆ ತುಟಿ ಒದ್ದೆ ಮಾಡಿಕೊಂಡ.

"ಅವತ್ತ ನೀ ಓದಿದಿ ನೋಡ, ಎರಡ ಹಾಳಿ. ತಿರುವಿದ ಸಪ್ಪಳ ಬರಲಿಲ್ಲ. ಅವಾಗನ ತಿಳೀತು, ಇವರಿಬ್ರೂ ಕೂಡಿ ಹೇಳಾಕತ್ತಾರಂತ."

"ಗೊತ್ತಿದ್ದೂ ಯಾಕ ಬಂದಿ?"

"ಎರಡ ದಿನಾ ಸಿಟ್ಟ ಮಾಡಿದ್ನಿ. ಆಮ್ಯಾಲ ಅನಸ್ತು, ಇಷ್ಟ ದೊಡ್ಡ ಸುಳ್ಳ ಹೇಳಬೇಕಾದ್ರ ಅಕಿ ಎಷ್ಟ ಅಂಜಿರಬೇಕು. ಬಂದೆ." ಬೆರಳಿನಿಂದ ಪಟ್ಟಿಯ ಅಂಚು ಮುಟ್ಟಿ ನೋಡಿಕೊಂಡ. "ಪಟ್ಟಿ ಬಿಚ್ಚಿದಾಗ ಕತ್ತಲ ಇತ್ತು. ಕಾಣಂಗಿಲ್ಲ ಅಂತ ನಾ ಅಂದಿದ್ರ, ಅಷ್ಟ ಮಂದ್ಯಾಗ ನಿಮ್ಮತ್ತಿ ಸುಳ್ಳ ಆಗತಿದ್ಲಲ್ಲ."

ತನ್ನ ಕಣ್ಣು ಒತ್ತೆ ಇಟ್ಟು ಹೆಂಡತಿಯ ಮಾತು ಉಳಿಸಲು ಹೊರಟಿದ್ದ ಮುದುಕ. ಮುದ್ದು ಬಂತು, ಎರಡು ಬಾರಿಸಬೇಕೂ ಅನಿಸಿತು.

ಅತ್ತೆ ಮಂಚದ ಅಂಚಿನಲ್ಲಿ ಕೂತಿದ್ದಳು. ಅವನು ತಲೆಯನ್ನು ಅವಳ ಕಡೆ ಹೊರಳಿಸಿದ.

"ಹಸರ ಅಂದ್ಯಲ್ಲ. ಯಾವ ಹಸರ?"

ಅವಳು ತನ್ನ ಸೀರೆಯನ್ನು ಬಗ್ಗಿ ನೋಡಿಕೊಂಡಳು. ಹೇಳುವ ಮೊದಲು ಅವಳು ಅಷ್ಟು ಹೊತ್ತು ತೆಗೆದುಕೊಂಡದ್ದನ್ನು ನಾನು ಕಂಡಿರಲಿಲ್ಲ.

"ಹಳೇದ್ರಿ. ಇಕಿ ಅವ್ವನ ಲಗ್ನದಾಗ ತಂದದ್ದು. ಎಲಿ ಹಸರ ಇತ್ತು, ಈಗ ಬಣ್ಣಾ ಹೋಗಿ ಬೂದಿ ಆಗೇತಿ. ಸೆರಗ ಹರದೇತಿ. ಹಸರ ದಾರಾ ಸಿಗಲಿಲ್ಲ, ಕರಿ ದಾರದಾಗ ಹೊಲದೇನಿ. ಮಂದಿಗೆ ಕಾಣಬಾರದಂತ ಒಳಗ ಮಡಚಿಟಗೊಂಡೇನಿ."

ಮಾವ ಕೈ ಚಾಚಿದ. ಅವಳು ಸೆರಗಿನ ಮಡಿಕೆ ಬಿಡಿಸಿ ಅವನ ಬೆರಳಿಗೆ ಕೊಟ್ಟಳು. ಹರಿದ ಅಂಚಿನುದ್ದಕ್ಕೂ ಅವನು ನಿಧಾನವಾಗಿ ಬೆರಳು ಆಡಿಸಿದ.

"ಹೊಲಗಿ ಡೊಂಕ ಐತಿ," ಎಂದ.

"ಹೌದ್ರಿ," ಎಂದಳು ಅತ್ತೆ. "ಡೊಂಕ ಐತಿ."